ಎದುರಾಳಿ ಬಾರದ ಗೆಲುವು

ಅಂತರಕಾಲೇಜು ಕಬಡ್ಡಿ ಪಂದ್ಯಕ್ಕೆ ಹೋಗಿದ್ದ ನಮ್ಮ ಹುಡುಗರು ಮಧ್ಯಾಹ್ನವೇ ಹಿಂದಿರುಗಿದರು. "ಏನಪ್ಪಾ, ಇಷ್ಟು ಬೇಗ ಸೋತು ಬಂದಿರಾ?" ಎಂದೆ. "ಇಲ್ಲ ಸಾರ್, ಗೆದ್ದೆವು. ವಾಕೋವರ್ ಸಿಕ್ಕಿತು" ಎಂದರು. ಎದುರು ತಂಡದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಕನ್ನಡದಲ್ಲಿ ಗೆಲುವೆಂದರೆ ಜಯವೂ ಹೌದು, ಲವಲವಿಕೆಯೂ ಹೌದು. ಹುಡುಗರಿಗೆ ಜಯ ದೊರೆತಿತ್ತು. ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ.

ವಾಕೋವರ್ ಎಂಬ ಮಾತು ನಮ್ಮಲ್ಲಿ ಎಷ್ಟು ಬಳಕೆಯಾಗಿದೆಯೆಂದರೆ, ಚುನಾವಣೆಯಲ್ಲಿ ದುರ್ಬಲ ಅಭ್ಯರ್ಥಿಯನ್ನು ನಿಲ್ಲಿಸಿದ ಪಕ್ಷವೂ ಎದುರಾಳಿಗೆ 'ವಾಕೋವರ್ ಕೊಟ್ಟಿತು' ಎನ್ನುತ್ತೇವೆ. ಮಾತಿನ ಮೂಲವಿರುವುದು ಇಂಗ್ಲೆಂಡಿನ ಕುದುರೆ ಜೂಜಿನಲ್ಲಿ. ಕಣಕ್ಕೆ ಬಂದದ್ದು ಒಂದೇ ಕುದುರೆಯಾದರೂ ಬಹುಮಾನ ಸುಮ್ಮನೆ ಕೈಸೇರುತ್ತಿರಲಿಲ್ಲ. ಜೀನು ಬಿಗಿದು, ಸವಾರನನ್ನು ತೂಗಿ, ಹಾದಿಯನ್ನು ಕ್ರಮಿಸಲೇಬೇಕಿತ್ತು. ಓಡಬೇಕೆಂದಿಲ್ಲ, ನಡೆದರೂ ಸಾಕು. ಹೆಸರು ಬಂದದ್ದು ಹಾಗೆ. 1769–70ರಲ್ಲಿ 18 ಪಂದ್ಯಗಳಲ್ಲೂ ಸೋಲರಿಯದ ಎಕ್ಲಿಪ್ಸ್ ಎಂಬ ಕುದುರೆ ಅವುಗಳಲ್ಲಿ ಹಲವನ್ನು ಹೀಗೆಯೇ ಗೆದ್ದಿತು. ಅದರೆದುರು ತಮ್ಮ ಕುದುರೆಗಳನ್ನು ಬಿಡಲು ಒಡೆಯರಿಗೆ ಧೈರ್ಯವಿರಲಿಲ್ಲ. ಅಲ್ಲಿ ವಾಕೋವರ್ ಎಂಬುದು ಕುದುರೆಗೆ ಸಂದ ಗೌರವವೇ ಸರಿ.

ಮನುಷ್ಯರ ವಿಷಯ ಇಷ್ಟು ಸರಳವಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನ 400 ಮೀಟರ್ ಓಟದ ಅಂತಿಮ ಸ್ಪರ್ಧೆಯಲ್ಲಿ ಮೂವರು ಅಮೆರಿಕನ್ನರು, ಒಬ್ಬ ಬ್ರಿಟಿಷ್ ಸೇನಾಧಿಕಾರಿ ಹಾಲ್ಸ್‌ವೆಲ್. ಅಮೆರಿಕದ ಕಾರ್ಪೆಂಟರ್ ಆತನಿಗೆ ಅಡ್ಡ ಬಂದನೆಂದು ತೀರ್ಪುಗಾರರು ಓಟವನ್ನು ರದ್ದುಮಾಡಿ, ಕಾರ್ಪೆಂಟರನನ್ನು ಹೊರಗಿಟ್ಟು, ಮತ್ತೊಮ್ಮೆ ಓಡಲು ಹೇಳಿದರು. ಉಳಿದಿಬ್ಬರು ಅಮೆರಿಕನ್ನರು ಸಿಟ್ಟಿನಿಂದ ಬರಲೇ ಇಲ್ಲ. ಹಾಲ್ಸ್‌ವೆಲ್ ಒಬ್ಬನೇ ಓಡಿ ಚಿನ್ನದ ಪದಕ ಪಡೆದ.

ನಮ್ಮ ದೇಶದ ಕಥೆಯಲ್ಲೂ ಈ ಪದವಿದೆ. 1950ರ ವಿಶ್ವಕಪ್ ಫುಟ್‌ಬಾಲ್ ಅರ್ಹತಾ ಸುತ್ತಿನಿಂದ ಬರ್ಮಾ, ಇಂಡೊನೇಷಿಯ, ಫಿಲಿಪ್ಪೀನ್ಸ್ ಹಿಂದೆ ಸರಿದವು. ಒಂದು ಪಂದ್ಯವನ್ನೂ ಆಡದೆ ಭಾರತ ಅರ್ಹತೆ ಗಳಿಸಿತು. ಕೊನೆಗೆ ತಾನೂ ಬ್ರೆಜಿಲ್‌ಗೆ ಹೋಗಲಿಲ್ಲ.

ಚಿಲಿ ದೇಶದಲ್ಲಿ ನಡೆದದ್ದು ಇದಕ್ಕಿಂತ ಘೋರವಾದದ್ದು. 1973ರ ಸೆಪ್ಟೆಂಬರಿನಲ್ಲಿ ಸೇನೆ ಅಧಿಕಾರ ಕಸಿದುಕೊಂಡು, ಸಾಂಟಿಯಾಗೊ ನಗರದ ರಾಷ್ಟ್ರೀಯ ಕ್ರೀಡಾಂಗಣವನ್ನೇ ಸೆರೆಮನೆ ಮಾಡಿತು. ಅಲ್ಲಿ ಸಾವಿರಾರು ಜನರನ್ನು ಕೂಡಿಹಾಕಿದರು, ಹಿಂಸಿಸಿದರು. ಅಂಥ ಕಣದಲ್ಲಿ ತಾವು ಆಡಲಾರೆವೆಂದಿತು ಸೋವಿಯತ್ ಫುಟ್‌ಬಾಲ್ ತಂಡ. ನವೆಂಬರ್ 21ರಂದು ಚಿಲಿಯ ಆಟಗಾರರಷ್ಟೇ ಇಳಿದು, ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸುತ್ತ ಹೋಗಿ, ಕಾಯುವವರಿಲ್ಲದ ಗೋಲಿಗೆ ಒದ್ದರು. ವಿಶ್ವಕಪ್ಪಿನ ದಾರಿ ತೆರೆಯಿತು.

ಮರುವರ್ಷವೇ ಭಾರತ ಇನ್ನೂ ದುಬಾರಿಯಾದ ವಾಕೋವರ್ ಕೊಟ್ಟಿತು. ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರಿದ್ದ ನಮ್ಮ ಟೆನಿಸ್ ತಂಡ ಕಲ್ಕತ್ತೆಯಲ್ಲಿ ಆಸ್ಟ್ರೇಲಿಯವನ್ನು, ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನು ಸೋಲಿಸಿ 1974ರ ಡೇವಿಸ್ ಕಪ್ ಫೈನಲ್ ತಲುಪಿತ್ತು. ಎದುರಿಗಿದ್ದದ್ದು ವರ್ಣಭೇದ ನೀತಿಯ ದಕ್ಷಿಣ ಆಫ್ರಿಕ. ಭಾರತ ಆಡಲಿಲ್ಲ, ಕಪ್ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಇಂದಿಗೂ ಅದು ನಮ್ಮ ಕೈಸೇರಿಲ್ಲ. ಆಟಗಾರನ ಯೌವನ ಎಷ್ಟು ದಿನದ್ದು? ಆ ತರುಣರು ತೆತ್ತ ಬೆಲೆಯನ್ನು ನಾವು ಹಗುರವಾಗಿ ಎಣಿಸಬಾರದು. ಆದರೂ ಆ ವರ್ಷದ ಮಾನ ಯಾರ ಪಾಲಿಗೆ ಸಂದಿತೆಂದು ಕೇಳಿದರೆ, ಕಪ್ ಎತ್ತಿಕೊಂಡವರ ಕಡೆಗೆ ಬೆರಳು ತೋರಿಸಲು ಮನಸ್ಸು ಒಪ್ಪುವುದಿಲ್ಲ.

ದಾಖಲೆಯ ಪುಸ್ತಕಕ್ಕೆ ಈ ತಾರತಮ್ಯ ತಿಳಿಯದು. ಕುದುರೆಗೆ ಅಂಜಿದವರಿಗೂ, ಸಿಟ್ಟಾದವರಿಗೂ, ಬಸ್ಸು ಕೆಟ್ಟವರಿಗೂ, ಅನ್ಯಾಯದ ಜೊತೆ ಆಡೆವೆಂದವರಿಗೂ ಅದರಲ್ಲಿ ಒಂದೇ ಪದ. ಗೆದ್ದವರು ಯಾರೆಂದು ಅದು ಹೇಳೀತು. ಬಾರದವರು ಏಕೆ ಬರಲಿಲ್ಲವೆಂದು ಓದುವ ನಾವೇ ಕೇಳಿಕೊಳ್ಳಬೇಕು.

ಅಂದಹಾಗೆ, ನಮ್ಮ ಹುಡುಗರು ಮುಂದಿನ ವಾರ ಆ ಬಸ್ಸು ಕೆಟ್ಟ ತಂಡವನ್ನೇ ಕರೆಸಿ ಸ್ನೇಹಪಂದ್ಯವಾಡಿದರು. ಸೋತರು. ಮೈತುಂಬ ಮಣ್ಣು, ಮೊಣಕಾಲಲ್ಲಿ ತರಚು. ಆದರೆ ಅಂದು ಎಲ್ಲರ ಮುಖದಲ್ಲೂ ಗೆಲುವಿತ್ತು.