ಪುಣೆಯಲ್ಲಿ ಹೋಟೆಲ್ ಕೆಲಸ: ‘ಎಫ್‌ಎಸ್‌ಎಸ್‌ಎಐ ಸರ್ಟಿಫಿಕೇಟ್’ ಯಾರಿಗೆ ಬೇಕು, ಮಾಡಿಸಬೇಕಾದವರು ಯಾರು?

ಪುಣೆ: ಉಡುಪಿ, ಕುಂದಾಪುರ ಕಡೆಯಿಂದ ಪುಣೆಗೆ ಹೋಟೆಲ್ ಕೆಲಸಕ್ಕೆ ಹೋಗುವುದು ಹೊಸದೇನಲ್ಲ. ಫರ್ಗ್ಯೂಸನ್ ಕಾಲೇಜು ರಸ್ತೆಯಲ್ಲಿ ‘ವೈಶಾಲಿ’, ‘ರೂಪಾಲಿ’ ಹೋಟೆಲ್‌ಗಳನ್ನು ಕಟ್ಟಿ ಬೆಳೆಸಿದ ಜಗನ್ನಾಥ ಶೆಟ್ಟಿ ಅವರೂ ಹೀಗೆಯೇ ಕರಾವಳಿಯಿಂದ ಹೋದವರು. ಈಗ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯ ಹುಡುಗರೂ ಅಲ್ಲಿನ ಅಡುಗೆಮನೆಗಳಲ್ಲಿ ಸಿಗುತ್ತಾರೆ. ಕೆಲಸಕ್ಕೆ ಸೇರುವಾಗ ‘ಎಫ್‌ಎಸ್‌ಎಸ್‌ಎಐ ಸರ್ಟಿಫಿಕೇಟ್ ಇದೆಯಾ?’ ಎಂಬ ಪ್ರಶ್ನೆ ಎದುರಾದರೆ ಬಹಳಷ್ಟು ಮಂದಿ ಗಲಿಬಿಲಿಯಾಗುತ್ತಾರೆ. ಯಾವುದೋ ಏಜೆಂಟರಿಗೆ ದುಡ್ಡು ಕೊಟ್ಟು ಯಾವುದೋ ಕಾಗದ ಮಾಡಿಸಿಕೊಳ್ಳುವವರೂ ಇದ್ದಾರೆ.

ಅಸಲಿಗೆ ಆ ಹೆಸರಿನ ಒಂದೇ ಸರ್ಟಿಫಿಕೇಟ್ ಇಲ್ಲ. ಇರುವುದು ಮೂರು ಬೇರೆ ಬೇರೆ ಕಾಗದ. ಮೊದಲನೆಯದು ಹೋಟೆಲಿನ ಹೆಸರಲ್ಲಿ ಇರುವ ಪರವಾನಗಿ ಅಥವಾ ನೋಂದಣಿ. ಎರಡನೆಯದು ಆಹಾರ ಮುಟ್ಟುವ ಪ್ರತಿ ನೌಕರನಿಗೂ ವರ್ಷಕ್ಕೊಮ್ಮೆ ವೈದ್ಯರು ಕೊಡುವ ಆರೋಗ್ಯ ಪ್ರಮಾಣಪತ್ರ. ಮೂರನೆಯದು ನೌಕರರ ಪೈಕಿ ಕೆಲವರು ಮಾತ್ರ ಪಡೆಯಬೇಕಾದ ತರಬೇತಿ ಪ್ರಮಾಣಪತ್ರ. ಸಪ್ಲೈಯರ್, ಕ್ಲೀನರ್, ದೋಸೆ ಮಾಸ್ಟರ್ ಯಾರೇ ಆಗಲಿ, ತಮ್ಮ ಹೆಸರಲ್ಲಿ ಎಫ್‌ಎಸ್‌ಎಸ್‌ಎಐ ಪರವಾನಗಿ ಮಾಡಿಸಬೇಕಾಗಿಲ್ಲ.

ಪರವಾನಗಿ ಜಾಗಕ್ಕೆ, ಮನುಷ್ಯನಿಗಲ್ಲ

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಆಹಾರ ವ್ಯವಹಾರ ನಡೆಸುವಂತಿಲ್ಲ. ಸಣ್ಣ ವ್ಯಾಪಾರಿಗಳಿಗೆ ಪರವಾನಗಿ ಬದಲು ನೋಂದಣಿ ಸಾಕು. 2011ರ ನಿಯಮಾವಳಿ ಹಾಕಿದ ಗೆರೆ ಹೀಗಿತ್ತು: ವಾರ್ಷಿಕ ವಹಿವಾಟು 12 ಲಕ್ಷ ರೂ. ಒಳಗಿದ್ದರೆ ನೋಂದಣಿ, ಅದಕ್ಕಿಂತ ಹೆಚ್ಚಿದ್ದರೆ ಪರವಾನಗಿ. ನೋಂದಣಿ ಶುಲ್ಕ ವರ್ಷಕ್ಕೆ 100 ರೂ. ಮಿತಿ ಮತ್ತು ಶುಲ್ಕಗಳು ಪರಿಷ್ಕರಣೆಯಾಗುತ್ತಿರುತ್ತವೆ. ಹಾಗಾಗಿ ಅರ್ಜಿ ಹಾಕುವ ದಿನ ‘ಫೋಸ್ಕೋಸ್’ ಪೋರ್ಟಲ್‌ನಲ್ಲಿ ಇರುವ ಮೊತ್ತವನ್ನೇ ನಂಬಬೇಕು. ಏಜೆಂಟರು ಅದರ ಮೇಲೆ ಕೇಳುವುದೆಲ್ಲ ಅವರ ಕೂಲಿ, ಸರ್ಕಾರದ ಶುಲ್ಕವಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಪರವಾನಗಿ ಕೊಡುವುದು ಒಂದು ನಿರ್ದಿಷ್ಟ ಜಾಗಕ್ಕೆ. ಬೆಳಗಾವಿಯಲ್ಲಿ ಖಾನಾವಳಿ ನಡೆಸುತ್ತಿದ್ದವರು ಪುಣೆಯ ಹಡಪ್ಸರದಲ್ಲಿ ಇನ್ನೊಂದು ತೆರೆದರೆ ಹಳೆಯ ಸಂಖ್ಯೆ ನಡೆಯುವುದಿಲ್ಲ, ಅಲ್ಲಿಗೆ ಬೇರೆಯದೇ ಬೇಕು. ಮನೆಯಲ್ಲೇ ಅಡುಗೆ ಮಾಡಿ ವಿದ್ಯಾರ್ಥಿಗಳಿಗೆ, ಐಟಿ ಉದ್ಯೋಗಿಗಳಿಗೆ ಡಬ್ಬಾ ಕಳಿಸುವ ಗೃಹಿಣಿಯರೂ ನೋಂದಣಿ ವ್ಯಾಪ್ತಿಗೆ ಬರುತ್ತಾರೆ. ಇದು ಹಲವರಿಗೆ ಗೊತ್ತಿಲ್ಲ. ಆದರೆ ಆ್ಯಪ್‌ಗಳ ಮೂಲಕ ಮಾರಲು ಹೊರಟರೆ ಮೊದಲು ಕೇಳುವುದೇ ಈ ಸಂಖ್ಯೆ. 2018ರಲ್ಲಿ ಎಫ್‌ಎಸ್‌ಎಸ್‌ಎಐ ಸೂಚನೆಯಂತೆ ಆಹಾರ ಡೆಲಿವರಿ ಕಂಪನಿಗಳು ಪರವಾನಗಿ ಇಲ್ಲದ ಸಾವಿರಾರು ಹೋಟೆಲ್‌ಗಳನ್ನು ಪಟ್ಟಿಯಿಂದ ಕೈಬಿಟ್ಟಿದ್ದವು.

ಪುಣೆಯಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ. 2025ರ ಜುಲೈನಲ್ಲಿ ಫರ್ಗ್ಯೂಸನ್ ಕಾಲೇಜು ರಸ್ತೆಯ ಹಳೆಯ ಇರಾನಿ ಹೋಟೆಲ್ ‘ಕೆಫೆ ಗುಡ್‌ಲಕ್’ನ ಬನ್ ಮಸ್ಕಾದಲ್ಲಿ ಗಾಜಿನ ಚೂರು ಸಿಕ್ಕಿತೆಂಬ ವಿಡಿಯೊ ಹರಿದಾಡಿತು. ಆಗ ಪರವಾನಗಿ ಅಮಾನತು ಮಾಡಿದ್ದು ಇದೇ ಎಫ್‌ಡಿಎ. ಹೆಸರು ಎಷ್ಟೇ ಹಳೆಯದಿರಲಿ, ಪರವಾನಗಿ ಅಮಾನತಾದರೆ ಹೋಟೆಲ್ ಬಾಗಿಲು ಹಾಕಲೇಬೇಕು.

ನೌಕರನ ಕಾಗದ: ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ

ಕೆಲಸಗಾರನಿಗೆ ನೇರವಾಗಿ ಸಂಬಂಧಿಸಿದ್ದು ಇದು. 2011ರ ನಿಯಮಾವಳಿಯ 4ನೇ ಅನುಸೂಚಿಯಲ್ಲಿ ಅಡುಗೆಮನೆಯ ಶುಚಿತ್ವದ ಎಲ್ಲ ಷರತ್ತುಗಳಿವೆ. ಬಿಸಿ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿ ಒಳಗೆ ಇರಬೇಕು ಎಂಬಂಥವು. ಪರವಾನಗಿ ಪಡೆದ ಸಂಸ್ಥೆ ತನ್ನ ಆಹಾರ ನಿರ್ವಾಹಕರನ್ನು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಗೆ ಒಳಪಡಿಸಬೇಕು, ನೋಂದಾಯಿತ ವೈದ್ಯರ ಸಹಿ ಇರುವ ದಾಖಲೆಯನ್ನು ಇಟ್ಟುಕೊಂಡು ಅಧಿಕಾರಿ ಕೇಳಿದಾಗ ತೋರಿಸಬೇಕು ಎಂಬುದೂ ಅದರಲ್ಲೇ ಇದೆ.

ಪ್ರಮಾಣಪತ್ರದ ನಮೂನೆಯೂ ನಿಗದಿಯಾಗಿದೆ. ದೇಹ ತಪಾಸಣೆ, ಕಣ್ಣಿನ ಪರೀಕ್ಷೆ, ಚರ್ಮದ ಪರೀಕ್ಷೆ, ಟೈಫಾಯ್ಡ್‌ನಂಥ ಕರುಳಿನ ರೋಗಗಳ ವಿರುದ್ಧ ಲಸಿಕೆ ಹಾಕಿಸಿಕೊಂಡಿದ್ದಾರೆಯೇ ಎಂಬ ಪರಿಶೀಲನೆ, ಸಾಂಕ್ರಾಮಿಕ ರೋಗದ ಅನುಮಾನ ಬಂದರೆ ಅದಕ್ಕೆ ತಕ್ಕ ಪರೀಕ್ಷೆ. ಕೊನೆಗೆ ವೈದ್ಯರ ಸಹಿ, ಮೊಹರು. ಅಂಗಡಿಯಲ್ಲಿ ಸಿಗುವ ಸಾದಾ ‘ಮೆಡಿಕಲ್ ಫಿಟ್ನೆಸ್’ ಚೀಟಿಯಲ್ಲಿ ಲಸಿಕೆಯ ವಿಚಾರ ಇರುವುದಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಅದನ್ನು ಒಪ್ಪಬೇಕಾಗಿಲ್ಲ.

ಊರು ಬಿಟ್ಟು ಬಂದವರಿಗೆ ತೊಡಕಾಗುವ ಇನ್ನೊಂದು ಅಂಶ ಆ ನಮೂನೆಯಲ್ಲೇ ಅಡಗಿದೆ. ‘ಇಂಥ ಸಂಸ್ಥೆಯಲ್ಲಿ ಕೆಲಸ ಮಾಡುವ ಇಂಥವರನ್ನು ಪರೀಕ್ಷಿಸಿದ್ದೇನೆ, ಮೇಲೆ ಹೇಳಿದ ಸಂಸ್ಥೆಯಲ್ಲಿ ಕೆಲಸ ಮಾಡಲು ಅರ್ಹರು’ ಎಂಬರ್ಥದ ವಾಕ್ಯ ಅದರಲ್ಲಿದೆ. ಅಂದರೆ ಹೋಟೆಲಿನ ಹೆಸರು ಪ್ರಮಾಣಪತ್ರದೊಳಗೇ ಇರುತ್ತದೆ. ಆರು ತಿಂಗಳಿಗೊಮ್ಮೆ ಹೋಟೆಲ್ ಬದಲಿಸುವ ಹುಡುಗನಿಗೆ ಹಳೆಯ ಕಾಗದ ಹೊಸ ಕಡೆ ಉಪಯೋಗಕ್ಕೆ ಬಾರದು. ಊರಿಂದ ಬರುವಾಗಲೇ ಮಾಡಿಸಿಕೊಂಡು ಬಂದದ್ದೂ ಅಷ್ಟೇ. ಲಸಿಕೆಯ ಕಾರ್ಡ್ ಮಾತ್ರ ಅವನದೇ. ಅದನ್ನು ಜೋಪಾನವಾಗಿ ಇಟ್ಟುಕೊಂಡರೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.

ಹಾಗಾದರೆ ಖರ್ಚು ಯಾರದ್ದು? ತಪಾಸಣೆಗೆ ವ್ಯವಸ್ಥೆ ಮಾಡುವ, ದಾಖಲೆ ಇಡುವ ಹೊಣೆಯನ್ನು ನಿಯಮ ಹೊರಿಸಿರುವುದು ಸಂಸ್ಥೆಯ ಮೇಲೆ. ಶುಚಿತ್ವ ಇಲ್ಲದೆ ಆಹಾರ ತಯಾರಿಸಿದರೆ 56ನೇ ಸೆಕ್ಷನ್‌ನಡಿ 1 ಲಕ್ಷ ರೂ. ವರೆಗೆ ದಂಡ ಬೀಳುತ್ತದೆ. ತಾನೇ ಮಾಡಿದರೂ ಸರಿ, ತನ್ನ ಪರವಾಗಿ ಇನ್ನೊಬ್ಬರು ಮಾಡಿದರೂ ಸರಿ. ಕಾನೂನಿನ ಒಟ್ಟು ಧಾಟಿ ಹೀಗಿರುವಾಗ ತಪಾಸಣೆಯ ಬಿಲ್ಲನ್ನು ಕ್ಲೀನರ್ ಹುಡುಗನ ಮೊದಲ ಸಂಬಳದಲ್ಲಿ ಮುರಿದುಕೊಳ್ಳುವುದು ನ್ಯಾಯವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಹಾರ ಮುಟ್ಟುವ ಪ್ರತಿಯೊಬ್ಬರೂ ‘ಫುಡ್ ಹ್ಯಾಂಡ್ಲರ್ ಕಾರ್ಡ್’ ಪಡೆಯಬೇಕು, ಅದು ಮೂರು ವರ್ಷ ನಡೆಯುತ್ತದೆ. ಅಲ್ಲಿಯೂ ದುಡ್ಡಿನ ತಕರಾರು ಇತ್ತು. 2024ರ ಜನವರಿ 1ರಿಂದ ಕೋರ್ಸಿನ ಶುಲ್ಕವನ್ನೂ ಕಲಿಯುವ ಸಮಯದ ಸಂಬಳವನ್ನೂ ಮಾಲೀಕರೇ ಕೊಡಬೇಕೆಂದು ಆ ರಾಜ್ಯ ಸ್ಪಷ್ಟವಾಗಿ ಕಾನೂನು ಮಾಡಿತು. ನಮ್ಮಲ್ಲಿ ಅಷ್ಟು ಬಿಡಿಸಿ ಬರೆದರೆ ಒಳ್ಳೆಯದಿತ್ತು.

ಲಸಿಕೆ ಯಾಕೆ ಬೇಕು?

ಟೈಫಾಯ್ಡ್ ಬಂದು ವಾಸಿಯಾದ ಕೆಲವರ ದೇಹದಲ್ಲಿ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಉಳಿದುಬಿಡುತ್ತದೆ. ಅವರಿಗೆ ಜ್ವರವಿಲ್ಲ, ಸುಸ್ತಿಲ್ಲ, ಆದರೆ ಕೈ ಸರಿಯಾಗಿ ತೊಳೆಯದೆ ಅಡುಗೆ ಮಾಡಿದರೆ ಉಣ್ಣುವವರಿಗೆ ರೋಗ ಹರಡುತ್ತದೆ. ನ್ಯೂಯಾರ್ಕ್‌ನಲ್ಲಿ ಮನೆ ಮನೆಗೆ ಅಡುಗೆ ಮಾಡುತ್ತಿದ್ದ ಮೇರಿ ಮ್ಯಾಲನ್ ಇದಕ್ಕೆ ಪ್ರಸಿದ್ಧ ಉದಾಹರಣೆ. 1907ರಲ್ಲಿ ಆಕೆಯನ್ನು ಹಿಡಿದು ಪ್ರತ್ಯೇಕವಾಗಿ ಇಟ್ಟರು. ಇನ್ನು ಅಡುಗೆ ಮಾಡುವುದಿಲ್ಲವೆಂದು ಒಪ್ಪಿಕೊಂಡ ಮೇಲೆ ಬಿಟ್ಟರು. ಬೇರೆ ಕೆಲಸದಲ್ಲಿ ಸಂಬಳ ಸಾಲದೆ ಆಕೆ ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಗೇ ನಿಂತಳು. 1915ರಲ್ಲಿ ಪುನಃ ಸಿಕ್ಕಿಬಿದ್ದು 1938ರಲ್ಲಿ ಸಾಯುವವರೆಗೂ ಬಂಧನದಲ್ಲೇ ಕಳೆದಳು. ಆಕೆಯ ಹಟದ ಬಗ್ಗೆ ಬರೆದವರು ಬಹಳ. ಸಂಬಳದ ಬಗ್ಗೆ ಬರೆದವರು ಕಡಿಮೆ.

ಪುಣೆಗೆ ಈ ಎಚ್ಚರಿಕೆ ದೂರದ ಕಥೆಯಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆ, ಕಿರ್ಕಟ್‌ವಾಡಿ, ನಾಂದೇಡ್ ಗಾಂವ್ ಸುತ್ತಮುತ್ತ ಗಿಲ್ಲನ್-ಬಾರೆ ಸಿಂಡ್ರೋಮ್ (ಜಿಬಿಎಸ್) ಪ್ರಕರಣಗಳು ದಿಢೀರನೆ ಏರಿದವು. 200ಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಕೆಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ, ಕೆಲವರಲ್ಲಿ ನೊರೊವೈರಸ್ ಕಂಡುಬಂತು. ಎರಡೂ ಕಲುಷಿತ ನೀರು, ಆಹಾರದಿಂದ ಹೊಟ್ಟೆ ಸೇರುವಂಥವು. ನೀರು ಕುದಿಸಿ ಕುಡಿಯಿರಿ, ಅರೆಬೆಂದದ್ದನ್ನು ತಿನ್ನಬೇಡಿ ಎಂದು ಅಧಿಕಾರಿಗಳು ಹೇಳಬೇಕಾಯಿತು. ಆಗ ಅನುಮಾನದ ಮೊದಲ ಬೊಟ್ಟು ಇದ್ದದ್ದು ಕುಡಿಯುವ ನೀರಿನ ಕಡೆಗೆ. ಅಡುಗೆಯವನ ಕೈ ಎಷ್ಟೇ ಶುದ್ಧವಿದ್ದರೂ ಹೋಟೆಲಿನ ಟ್ಯಾಂಕಿಗೆ ಬರುವ ನೀರು ಕೆಟ್ಟದ್ದಾದರೆ ಪ್ರಮಾಣಪತ್ರ ಏನೂ ಮಾಡದು. ಸಾಂಕ್ರಾಮಿಕ ಹರಡಿದಾಗ ಹಿಂದಿನ ಲಸಿಕೆ ವೇಳಾಪಟ್ಟಿ ಏನೇ ಇರಲಿ, ಎಲ್ಲ ಕೆಲಸಗಾರರಿಗೂ ಲಸಿಕೆ ಹಾಕಿಸಬೇಕು ಎಂದು 4ನೇ ಅನುಸೂಚಿ ಹೇಳುತ್ತದೆ. ಜಿಬಿಎಸ್‌ಗೆ ಅಂಥ ಲಸಿಕೆ ಇಲ್ಲ. ಟೈಫಾಯ್ಡ್‌ಗೆ ಇದೆ.

25 ಜನರಿಗೆ ಒಬ್ಬ ಮೇಲ್ವಿಚಾರಕ

ಮೂರನೇ ಕಾಗದ ‘ಫೋಸ್ಟ್ಯಾಕ್’. 2017ರಲ್ಲಿ ಎಫ್‌ಎಸ್‌ಎಸ್‌ಎಐ ಶುರು ಮಾಡಿದ ತರಬೇತಿ ಇದು. ಪರವಾನಗಿ ಇರುವ ಪ್ರತಿ ಸಂಸ್ಥೆಯಲ್ಲಿ 25 ಆಹಾರ ನಿರ್ವಾಹಕರಿಗೆ ಕನಿಷ್ಠ ಒಬ್ಬ ತರಬೇತಾದ ಆಹಾರ ಸುರಕ್ಷತಾ ಮೇಲ್ವಿಚಾರಕ ಇರಬೇಕು. 26 ಜನ ಇದ್ದರೆ ಇಬ್ಬರು. ಕೆಲವೇ ಗಂಟೆಗಳ ಪಾಠ, ಕೊನೆಗೊಂದು ಪರೀಕ್ಷೆ, ಎರಡು ವರ್ಷ ಮಾನ್ಯತೆ. ಬೀದಿಬದಿ ವ್ಯಾಪಾರಿಗಳಿಗೆ, ಕೇಟರಿಂಗ್‌ನವರಿಗೆ ಬೇರೆ ಬೇರೆ ಕೋರ್ಸ್‌ಗಳಿವೆ.

ಪ್ರಮಾಣಪತ್ರ ಬರುವುದು ತರಬೇತಿ ಪಡೆದವನ ಹೆಸರಲ್ಲಿ. ಹೋಟೆಲ್ ಬಿಟ್ಟರೂ ಅದು ಅವನ ಜೊತೆ ಹೋಗುತ್ತದೆ. ಮೂರರಲ್ಲಿ ಕೆಲಸಗಾರನಿಗೆ ನಿಜವಾಗಿ ದಕ್ಕುವ ಕಾಗದ ಇದೊಂದೇ. ಪಾತ್ರೆ ತೊಳೆಯಲು ಸೇರಿ ನಾಲ್ಕೈದು ವರ್ಷದಲ್ಲಿ ಮೇಲ್ವಿಚಾರಕನಾಗಬೇಕು ಅಂದುಕೊಂಡವನು ಮಾಲೀಕರನ್ನು ಕೇಳಿ ತನ್ನನ್ನೇ ಕಳಿಸಿ ಎನ್ನುವುದು ಜಾಣತನ. ಸಾಮಾನ್ಯವಾಗಿ ಗಲ್ಲಾದಲ್ಲಿ ಕೂರುವವರ ಹೆಸರಲ್ಲೇ ಪ್ರಮಾಣಪತ್ರ ಮಾಡಿಸಿ ಫೈಲಿಗೆ ಹಾಕಿಬಿಡುತ್ತಾರೆ. ಒಲೆಯ ಮುಂದೆ ನಿಂತವನಿಗೆ ಕಲಿಸಿದರೆ ಗಿರಾಕಿಗೂ ಲಾಭ.

ಜ್ವರ ಬಂದ ದಿನ

ಕಾಗದಕ್ಕಿಂತ ಮುಖ್ಯವಾದದ್ದು ಇದು. ಕಾಮಾಲೆ, ಭೇದಿ, ವಾಂತಿ, ಜ್ವರ, ಜ್ವರದೊಂದಿಗೆ ಗಂಟಲು ನೋವು, ಕೀವು ತುಂಬಿದ ಹುಣ್ಣು, ಕಿವಿ-ಕಣ್ಣು-ಮೂಗು ಸೋರುವುದು, ಇವುಗಳಲ್ಲಿ ಯಾವುದಿದ್ದರೂ ನೌಕರ ಮಾಲೀಕರಿಗೆ ತಿಳಿಸಬೇಕು. ಅಂಥವರನ್ನು ಆಹಾರ ಮುಟ್ಟುವ ಕೆಲಸದಿಂದ ದೂರ ಇಡಬೇಕೆಂಬುದು ನಿಯಮ. ಆದರೆ ದಿನಗೂಲಿಯವನು ಭೇದಿ ಆಗಿದೆ ಎಂದು ಹೇಳಿದ ದಿನ ಪಗಾರ ಕಟ್. ಅದಕ್ಕೇ ಹೇಳುವುದಿಲ್ಲ, ಮಾತ್ರೆ ನುಂಗಿ ಚಟ್ನಿ ರುಬ್ಬುತ್ತಾನೆ. ವರ್ಷಕ್ಕೊಮ್ಮೆಯ ತಪಾಸಣೆ ಉಳಿದ 364 ದಿನಗಳ ಈ ಲೆಕ್ಕವನ್ನು ಹಿಡಿಯಲಾರದು.

ಇಎಸ್‌ಐ ವ್ಯಾಪ್ತಿಯಲ್ಲಿರುವ ಹೋಟೆಲಿನ ನೌಕರರಿಗೆ ಇಲ್ಲೊಂದು ದಾರಿ ಇದೆ. ತಿಂಗಳ ಸಂಬಳ 21,000 ರೂ. ಒಳಗಿದ್ದು, ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿದ್ದರೆ ಕಾಯಿಲೆಯ ದಿನಗಳಿಗೆ ಸಂಬಳದ ಶೇ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನಗಳವರೆಗೆ. ಕೆಲಸಕ್ಕೆ ಸೇರುವಾಗ ಇಎಸ್‌ಐ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಬೇಕು.

ಗಿರಾಕಿಗಳು ನೋಡಬೇಕಾದದ್ದು ಬಿಲ್ಲಿನ ಮೇಲಿನ 14 ಅಂಕಿ. 2022ರ ಜನವರಿ 1ರಿಂದ ಅದನ್ನು ಬಿಲ್ಲಿನಲ್ಲಿ ಮುದ್ರಿಸುವುದು ಕಡ್ಡಾಯ. ಮೊದಲ ಅಂಕಿ 1 ಇದ್ದರೆ ಪರವಾನಗಿ, 2 ಇದ್ದರೆ ನೋಂದಣಿ. ನಂತರದ ಎರಡು ಅಂಕಿ ರಾಜ್ಯದ್ದು: ಮಹಾರಾಷ್ಟ್ರಕ್ಕೆ 15, ಕರ್ನಾಟಕಕ್ಕೆ 12. ಕೇಂದ್ರ ಪರವಾನಗಿಯಾದರೆ ಆ ಜಾಗದಲ್ಲಿ 00 ಇರುತ್ತದೆ. ಪುಣೆಯ ಸಣ್ಣ ಖಾನಾವಳಿಯ ಬಿಲ್ಲಿನಲ್ಲಿ 212ರಿಂದ ಶುರುವಾಗುವ ಸಂಖ್ಯೆ ಕಂಡರೆ ಅದು ಕರ್ನಾಟಕದ ಯಾವುದೋ ಜಾಗದ್ದು. ಫೋಸ್ಕೋಸ್‌ನಲ್ಲಿ ಸಂಖ್ಯೆ ಹಾಕಿದರೆ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ದೂರನ್ನು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಅಥವಾ ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800112100ಕ್ಕೆ ಕರೆ ಮಾಡಿ ಸಲ್ಲಿಸಬಹುದು.