ಉಳಿದವರ ಲೆಕ್ಕ

ಉಳಿವು

ಔಷಧ ಪ್ರಯೋಗಗಳ ಸುದ್ದಿಯಲ್ಲಿ ಇಂಗ್ಲಿಷಿನ ‘ಸರ್ವೈವಲ್’ ಅನ್ನು ‘ಬದುಕುಳಿಯುವಿಕೆ’ ಎಂದು ಬರೆಯುವುದುಂಟು. ಅದು ಅರ್ಧ ಸರಿ. ಅಲ್ಲಿ ಅಳೆಯುವುದು ಸಾವೊಂದನ್ನೇ ಅಲ್ಲ. ಗಡ್ಡೆ ಮರುಕಳಿಸಲಿ, ಮತ್ತೆ ಹೃದಯಾಘಾತವಾಗಲಿ, ಮೊದಲೇ ಗೊತ್ತುಮಾಡಿದ ಘಟನೆಗೆ ಎಷ್ಟು ಕಾಲ ಹಿಡಿಯಿತು ಎಂಬುದೇ ಲೆಕ್ಕ. ಹಳಗನ್ನಡದ ‘ಉೞಿ’ಗೆ ಮಿಗು ಎಂಬ ಅರ್ಥವೂ ಇತ್ತು, ಬಿಡು ಎಂಬ ಅರ್ಥವೂ ಇತ್ತು. ತಮಿಳಿನ ‘ಒೞಿ’ ತೊಲಗುವ ಕಡೆಗೆ ವಾಲಿತು; ಕನ್ನಡ ‘ಉಳಿಕೆ’, ‘ಉಳಿತಾಯ’ಗಳಲ್ಲಿ ಮಿಗುವುದನ್ನೇ ಇಟ್ಟುಕೊಂಡಿತು. ಈ ಲೆಕ್ಕಕ್ಕೆ ಎರಡೂ ಬೇಕು. ಶಾಂತಿಗ್ರಾಮದ ರೋಗಿಯೊಬ್ಬ ಪ್ರಯೋಗದ 14ನೇ ತಿಂಗಳಲ್ಲಿ ಊರು ಬಿಟ್ಟ ಎನ್ನಿ. ಅವನನ್ನು ಸತ್ತವರಲ್ಲಿ ಸೇರಿಸಿದರೂ ತಪ್ಪು, ಗುಣವಾದವರಲ್ಲಿ ಸೇರಿಸಿದರೂ ತಪ್ಪು. 1958ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಕಾಪ್ಲನ್ ಮತ್ತು ಮಯರ್ ತೋರಿಸಿದ ದಾರಿಯಲ್ಲಿ ಅವನು ಅಷ್ಟು ತಿಂಗಳು ಎಣಿಕೆಯಲ್ಲಿದ್ದು ಆಮೇಲೆ ಹೊರಬೀಳುತ್ತಾನೆ. ಘಟನೆಯಾದಾಗಲೆಲ್ಲ ಈ ಲೆಕ್ಕದ ನಕ್ಷೆಯಲ್ಲಿ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ. ಬಿಟ್ಟುಹೋದವನಿಗೆ ಗೆರೆಯ ಮೇಲೊಂದು ಗೀಟು, ಅಷ್ಟೆ. (ರೋಗ ಉಲ್ಬಣಿಸಿಯೇ ಹೋದನಾದರೆ ಲೆಕ್ಕ ಕೆಟ್ಟಿತು.)

‘ಉಳಿವು’ ಎಂದರೂ ಸಾವು-ಬದುಕೇ ಹೊಳೆಯುತ್ತದಲ್ಲ ಎನ್ನಬಹುದು. ಹಾಗೇ ಆಗಬೇಕಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961–68ರಲ್ಲಿ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ ನೋಡಿ. ಅದು ಔಷಧ ಪ್ರಯೋಗವಲ್ಲ, ಆದರೂ ಮಾತಿಗೆ ಒದಗುತ್ತದೆ. ಐದು ವರ್ಷದಲ್ಲಿ ಕ್ಷಯರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು, ಮೂರನೇ ಒಂದು ಪಾಲು ಗುಣವಾಗಿದ್ದರು. ಮಿಕ್ಕವರು ಬದುಕಿ ಉಳಿದಿದ್ದರು; ಅವರ ಕಫದಲ್ಲಿ ರೋಗವೂ ಉಳಿದಿತ್ತು.