ಥಿನ್ ಕ್ಲೈಂಟ್‌ಗಳಲ್ಲಿ ಫ್ಲ್ಯಾಶ್ ಮೆಮೊರಿಯ ರಕ್ಷಣೆ

ಥಿನ್ ಕ್ಲೈಂಟ್ ಗಣಕಗಳ ಫ್ಲ್ಯಾಶ್ ಮೆಮೊರಿಯು ಪದೇ ಪದೇ ಬರೆಯುವುದರಿಂದ ಸವೆಯದಂತೆ ಕಾಪಾಡುವ ತಂತ್ರಾಂಶಕ್ಕೆ ರೈಟ್ ಫಿಲ್ಟರ್ ಎಂದು ಹೆಸರು. ಕಾರ್ಯಾಚರಣ ವ್ಯವಸ್ಥೆಯು ಬರೆಯಲು ಹೊರಟ ದತ್ತಾಂಶವನ್ನು ಇದು ಸಾಮಾನ್ಯವಾಗಿ ರ‍್ಯಾಮ್‌ನಲ್ಲಿರುವ ಓವರ್‌ಲೇ ಎಂಬ ತಾತ್ಕಾಲಿಕ ಜಾಗಕ್ಕೆ ತಿರುಗಿಸುತ್ತದೆ. ಯಂತ್ರವನ್ನು ಮರುಪ್ರಾರಂಭಿಸಿದಾಗ ಓವರ್‌ಲೇ ಬರಿದಾಗಿ, ಯಂತ್ರವು ಮೊದಲಿನ ಸ್ಥಿತಿಗೆ ಮರಳುತ್ತದೆ.

ಹಿನ್ನೆಲೆ

ಥಿನ್ ಕ್ಲೈಂಟ್ ವ್ಯವಸ್ಥೆಯಲ್ಲಿ ಗಣನಕಾರ್ಯದ ಬಹುಭಾಗ ಸರ್ವರ್‌ನಲ್ಲಿ ನಡೆಯುತ್ತದೆ. ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಯು ಪರದೆ, ಕೀಲಿಮಣೆ ಮತ್ತು ಮೌಸ್‌ಗಳನ್ನು ಸರ್ವರ್‌ಗೆ ಜೋಡಿಸುತ್ತದೆ. ಇಂತಹ ಪೆಟ್ಟಿಗೆಗಳಲ್ಲಿ ಹಾರ್ಡ್ ಡಿಸ್ಕ್ ಬದಲಿಗೆ ಕಡಿಮೆ ಸಾಮರ್ಥ್ಯದ ಫ್ಲ್ಯಾಶ್ ಮೆಮೊರಿಯನ್ನು ಬಳಸುವುದು ವಾಡಿಕೆ. ಚಲಿಸುವ ಭಾಗಗಳಿಲ್ಲದ ಕಾರಣ ಅದು ಸದ್ದು ಮಾಡುವುದಿಲ್ಲ. ವಿದ್ಯುತ್ತನ್ನೂ ಕಡಿಮೆ ಬಳಸುತ್ತದೆ.

ಸವೆತದ ಕಾರಣ

ಫ್ಲ್ಯಾಶ್ ಮೆಮೊರಿಯನ್ನು 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಒಕಾ ಆವಿಷ್ಕರಿಸಿದರು. ನ್ಯಾಂಡ್ ಮಾದರಿಯ ಫ್ಲ್ಯಾಶ್‌ನಲ್ಲಿ ದತ್ತಾಂಶವನ್ನು ಪುಟಗಳಾಗಿ ಬರೆಯಲಾಗುತ್ತದೆ. ಆದರೆ ಅಳಿಸುವಾಗ ಅನೇಕ ಪುಟಗಳುಳ್ಳ ಇಡೀ ಬ್ಲಾಕ್ ಅನ್ನು ಒಮ್ಮೆಗೇ ಅಳಿಸಬೇಕಾಗುತ್ತದೆ. ಪ್ರತಿ ಸಲ ಬರೆದು ಅಳಿಸುವಾಗಲೂ ಎಲೆಕ್ಟ್ರಾನುಗಳು ಕೋಶದ ತೆಳುವಾದ ಆಕ್ಸೈಡ್ ಪದರವನ್ನು ಹಾದುಹೋಗುವುದರಿಂದ ಆ ಪದರ ಕ್ರಮೇಣ ಶಿಥಿಲವಾಗುತ್ತದೆ. ಕೋಶವೊಂದರಲ್ಲಿ ಒಂದು ಬಿಟ್ ಇಡುವ ಎಸ್‌ಎಲ್‌ಸಿ ಮಾದರಿಯು ಸುಮಾರು 1,00,000 ಆವರ್ತಗಳನ್ನು ತಾಳಿಕೊಂಡರೆ, ಎರಡು ಬಿಟ್ ಇಡುವ ಎಂಎಲ್‌ಸಿ ಮಾದರಿಯು ಸುಮಾರು 3,000ದಿಂದ 10,000 ಆವರ್ತಗಳನ್ನಷ್ಟೇ ತಾಳಿಕೊಳ್ಳುತ್ತದೆ.

ಬಳಕೆದಾರನು ಏನನ್ನೂ ಉಳಿಸದಿದ್ದರೂ ಬರೆಯುವ ಕೆಲಸ ನಿಲ್ಲುವುದಿಲ್ಲ. ಲಾಗ್ ಕಡತಗಳು, ತಾತ್ಕಾಲಿಕ ಕಡತಗಳು, ರಿಜಿಸ್ಟ್ರಿ ಬದಲಾವಣೆಗಳು ಮತ್ತು ಪೇಜ್ ಫೈಲ್ ಇದಕ್ಕೆ ಕಾರಣ.

ವಿಂಡೋಸ್‌ನಲ್ಲಿ

ಮೈಕ್ರೋಸಾಫ್ಟ್ ಸಂಸ್ಥೆಯ ಎಂಬೆಡೆಡ್ ಆವೃತ್ತಿಗಳಲ್ಲಿ ಮೂರು ಬಗೆಯ ಫಿಲ್ಟರ್‌ಗಳು ಬಳಕೆಗೆ ಬಂದವು.

• ಎನ್‌ಹಾನ್ಸ್ಡ್ ರೈಟ್ ಫಿಲ್ಟರ್: ಸೆಕ್ಟರ್ ಮಟ್ಟದಲ್ಲಿ ಇಡೀ ವಿಭಾಗವನ್ನು ರಕ್ಷಿಸುತ್ತದೆ. ಬದಲಾವಣೆಗಳನ್ನು ಕಾಯಂಗೊಳಿಸಲು ‘ಕಮಿಟ್’ ಆದೇಶ ನೀಡಬೇಕು.
• ಫೈಲ್ ಬೇಸ್ಡ್ ರೈಟ್ ಫಿಲ್ಟರ್: ಕಡತದ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಆಯ್ದ ಕಡತ ಮತ್ತು ಕಡತಕೋಶಗಳಿಗೆ ವಿನಾಯಿತಿ ನೀಡಬಹುದು.
• ಯೂನಿಫೈಡ್ ರೈಟ್ ಫಿಲ್ಟರ್: ಇವೆರಡರ ಗುಣಗಳನ್ನೂ ಒಳಗೊಂಡಿದ್ದು, ವಿಂಡೋಸ್ 10ರ ಎಂಟರ್‌ಪ್ರೈಸ್ ಆವೃತ್ತಿಯಲ್ಲಿಯೂ ದೊರೆಯುತ್ತದೆ. ಇದರ ಓವರ್‌ಲೇ ಗಾತ್ರವು ಪೂರ್ವನಿಗದಿಯಾಗಿ 1024 ಎಂಬಿ.

ಲಿನಕ್ಸ್‌ನಲ್ಲಿ

ಲಿನಕ್ಸ್ ಆಧಾರಿತ ಯಂತ್ರಗಳಲ್ಲಿ ಮೂಲ ಕಡತ ವ್ಯವಸ್ಥೆಯನ್ನು ಓದಲು ಮಾತ್ರ ತೆರೆದು, ಅದರ ಮೇಲೆ ರ‍್ಯಾಮ್‌ನಲ್ಲಿರುವ ಪದರವೊಂದನ್ನು ಹೊದಿಸುವ ಕ್ರಮವಿದೆ. ಇದಕ್ಕೆ ನೆರವಾಗುವ ಓವರ್‌ಲೇಎಫ್‌ಎಸ್ 2014ರಲ್ಲಿ ಕರ್ನೆಲ್‌ನ 3.18ನೆಯ ಆವೃತ್ತಿಯನ್ನು ಸೇರಿತು. ‘ನೋಎಟೈಮ್’ ಆಯ್ಕೆಯನ್ನು ಬಳಸಿದರೆ, ಕಡತವನ್ನು ಓದಿದಾಗಲೆಲ್ಲ ಅದರ ಸಮಯವನ್ನು ದಾಖಲಿಸುವುದು ತಪ್ಪುತ್ತದೆ.

ಮಿತಿಗಳು

ರಕ್ಷಣೆಯೇ ಕೆಲವೊಮ್ಮೆ ನಷ್ಟಕ್ಕೂ ದಾರಿಯಾಗುತ್ತದೆ. ಫಿಲ್ಟರ್ ಸಕ್ರಿಯವಾಗಿರುವಾಗ ಸ್ಥಳೀಯವಾಗಿ ಉಳಿಸಿದ ಕಡತವು ಪರದೆಯ ಮೇಲೆ ಎಂದಿನಂತೆ ಕಾಣಿಸುತ್ತದೆಯಾದರೂ ಮರುಪ್ರಾರಂಭದ ನಂತರ ಇಲ್ಲವಾಗುತ್ತದೆ. ದುರುದ್ದೇಶದ ತಂತ್ರಾಂಶ ಅಳಿಸಿಹೋಗುವಂತೆಯೇ, ಅದನ್ನು ತಡೆಯಲು ಅಳವಡಿಸಿದ ಭದ್ರತಾ ಪರಿಷ್ಕರಣೆಯೂ ಅಳಿಸಿಹೋಗುತ್ತದೆ. ಓವರ್‌ಲೇ ತುಂಬಿಹೋದರೆ ಯಂತ್ರ ಸ್ಥಗಿತಗೊಳ್ಳಬಹುದು. ವಿಂಡೋಸ್ ಡೊಮೇನ್‌ಗೆ ಸೇರಿದ ಯಂತ್ರವು ತನ್ನ ಖಾತೆಯ ಗುಪ್ತಪದವನ್ನು ಪೂರ್ವನಿಗದಿಯಂತೆ 30 ದಿನಗಳಿಗೊಮ್ಮೆ ಬದಲಿಸಿಕೊಳ್ಳುತ್ತದೆ. ಹೊಸ ಗುಪ್ತಪದ ಓವರ್‌ಲೇಯೊಂದಿಗೆ ಅಳಿಸಿಹೋದರೆ ಡೊಮೇನ್‌ನೊಡನೆ ಯಂತ್ರದ ಸಂಬಂಧ ಕಡಿದುಹೋಗಬಹುದು.

ನಿರ್ವಹಣೆ

ಪರಿಷ್ಕರಣೆಗಾಗಿ ಸಾಮಾನ್ಯವಾಗಿ ಫಿಲ್ಟರನ್ನು ನಿಷ್ಕ್ರಿಯಗೊಳಿಸಿ ಯಂತ್ರವನ್ನು ಮರುಪ್ರಾರಂಭಿಸಲಾಗುತ್ತದೆ. ಬದಲಾವಣೆಗಳನ್ನು ಮಾಡಿ ಪರೀಕ್ಷಿಸಿದ ಬಳಿಕ ಫಿಲ್ಟರನ್ನು ಪುನಃ ಸಕ್ರಿಯಗೊಳಿಸಿ ಮತ್ತೊಮ್ಮೆ ಮರುಪ್ರಾರಂಭಿಸಬೇಕು. ಬಳಕೆದಾರರ ಕಡತಗಳನ್ನು ಸರ್ವರ್‌ನಲ್ಲಿಯೇ ಉಳಿಸುವುದು, ಪೇಜ್ ಫೈಲನ್ನು ನಿಲ್ಲಿಸುವುದು ಮತ್ತು ಗುಪ್ತಪದದ ರಿಜಿಸ್ಟ್ರಿ ಭಾಗಕ್ಕೆ ವಿನಾಯಿತಿ ನೀಡುವುದು ಇತರ ಮುಖ್ಯ ಕ್ರಮಗಳು.